ಬ್ಯಾಂಡ್‌ಕ್ಯಾಂಪ್: ಆರು ವರ್ಷಗಳ ಬಳಕೆಯ ನಂತರ

2019ರ ಕೊನೆಯಲ್ಲಿ ನಾನು ಬ್ಯಾಂಡ್‌ಕ್ಯಾಂಪ್‌ನಲ್ಲಿ ಖಾತೆ ತೆರೆದದ್ದು ಒಂದೇ ಒಂದು ಆಲ್ಬಮ್ಮಿಗಾಗಿ. ಸಹಾರಾ ಮರುಭೂಮಿಯ ತುವಾರೆಗ್ ಜನರ ಗಿಟಾರ್ ಸಂಗೀತವನ್ನು ಗೆಳೆಯರೊಬ್ಬರ ಮನೆಯಲ್ಲಿ ಅರೆಬರೆ ಕೇಳಿ, ಅದು ಯಾರ ಹಾಡು, ಯಾವ ಊರಿನದು, ಗಿಟಾರಿನ ಅಡಿಯಲ್ಲಿ ಮಂದವಾಗಿ ಬೀಳುತ್ತಿದ್ದ ಆ ಏಟು ಯಾವ ವಾದ್ಯದ್ದು ಎಂದು ತಿಳಿಯದೆ ಕೆಲವು ವಾರ ಹುಡುಕಾಡಿದ್ದೆ. ತಿಂಗಳ ಚಂದಾ ಕಟ್ಟಿ ಬಳಸುತ್ತಿದ್ದ ಆ್ಯಪ್‌ನಲ್ಲಿ ಹಾಡು ಸಿಕ್ಕಿತು. ಆದರೆ ಅದರ ಬಗ್ಗೆ ಒಂದು ಸಾಲಿನ ವಿವರವೂ ಇರಲಿಲ್ಲ.

ಬ್ಯಾಂಡ್‌ಕ್ಯಾಂಪ್ 2008ರಲ್ಲಿ ಆರಂಭವಾದ, ಅಂತರ್ಜಾಲದಲ್ಲಿ ಸಂಗೀತ ಮಾರುವ ಅಮೆರಿಕದ ಸೇವೆ. ಇಲ್ಲಿ ಪ್ರತಿ ಪುಟವನ್ನೂ ಕಲಾವಿದರು ಅಥವಾ ಅವರ ಧ್ವನಿಮುದ್ರಣ ಸಂಸ್ಥೆಯವರೇ ನಡೆಸುತ್ತಾರೆ. ಬೆಲೆ ನಿಗದಿ ಮಾಡುವವರೂ ಅವರೇ, ಹಾಡಿನ ಹಿನ್ನೆಲೆಯನ್ನು ಬರೆಯುವವರೂ ಅವರೇ. ಕೊಳ್ಳುವ ಮೊದಲು ಹಾಡುಗಳನ್ನು ಕೇಳಿ ನೋಡಬಹುದು. ಕೊಂಡ ಮೇಲೆ ಎಂಪಿ3 ಅಥವಾ ಧ್ವನಿ ಕೊಂಚವೂ ನಷ್ಟವಾಗದ ಫ್ಲ್ಯಾಕ್ ರೂಪದಲ್ಲಿ ಇಳಿಸಿಕೊಂಡು ನಮ್ಮಲ್ಲೇ ಇಟ್ಟುಕೊಳ್ಳಬಹುದು. ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 15ರಷ್ಟನ್ನು ಕಂಪನಿ ತೆಗೆದುಕೊಳ್ಳುತ್ತದೆ. ಹಣ ಪಾವತಿಯ ಶುಲ್ಕ ಕಳೆದು ಉಳಿದದ್ದು ಹಾಡಿದವರ ಕಡೆಗೆ ಹೋಗುತ್ತದೆ.

ನಾನು ಹುಡುಕುತ್ತಿದ್ದ ಏಟಿಗೆ ಉತ್ತರ ಸಿಕ್ಕಿದ್ದು ನೈಜರ್ ದೇಶದ ಇಲ್ಲಿಘದಾದ್ ಎಂಬ ಹಳ್ಳಿಯ ಹೆಣ್ಣುಮಕ್ಕಳ ತಂಡದ ಪುಟದಲ್ಲಿ. ಆ ವಾದ್ಯದ ಹೆಸರು ತೆಂದೆ. ಅದು ಬೇರೇನೂ ಅಲ್ಲ, ಧಾನ್ಯ ಕುಟ್ಟುವ ಮರದ ಒರಳು. ಒರಳಿನ ಬಾಯಿಗೆ ಮೇಕೆಯ ಚರ್ಮವನ್ನು ಬಿಗಿದು, ಎರಡು ಒನಕೆಗಳನ್ನು ಅಕ್ಕಪಕ್ಕಕ್ಕೆ ಅಡ್ಡಲಾಗಿ ಕಟ್ಟಿ, ಅವುಗಳ ಮೇಲೆ ಹೆಂಗಸರು ಕುಳಿತುಕೊಳ್ಳುತ್ತಾರೆ. ಅವರ ಭಾರಕ್ಕೆ ಚರ್ಮ ಬಿಗಿಯಾಗುತ್ತದೆ, ನಡುವೆ ಕುಳಿತವಳು ಬಾರಿಸುತ್ತಾಳೆ. ಜೊತೆಗೆ ನೀರು ತುಂಬಿದ ಪಾತ್ರೆಯಲ್ಲಿ ಬೋರಲು ಹಾಕಿದ ಸೋರೆಬುರುಡೆಯನ್ನೂ ಬಡಿಯುತ್ತಾರೆ. ಈ ತಂಡದ ಮೊದಲ ಎಲ್‌ಪಿಯ (ಗ್ರಾಮಫೋನ್ ತಟ್ಟೆಯ) ಒಂದು ಬದಿಯಲ್ಲಿ ಗಿಟಾರ್, ಇನ್ನೊಂದು ಬದಿಯಲ್ಲಿ ತೆಂದೆ. ಮುಂದಿನ ಆಲ್ಬಮ್ಮಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಮತ್ತು ತೆಂದೆ ಒಂದೇ ಹಾಡಿನೊಳಗೆ ಬಂದು ಕೂರುತ್ತವೆ. ತುವಾರೆಗ್ ಸಮಾಜದಲ್ಲಿ ಗಿಟಾರ್ ಬಹುಮಟ್ಟಿಗೆ ಗಂಡಸರ ಕೈಯಲ್ಲಿದ್ದ ವಾದ್ಯ. ಈ ತಂಡದ ಫಾತೂ ಸೈದಿ ಘಾಲಿ ಅಣ್ಣನ ಗಿಟಾರ್ ಹಿಡಿದು ತಾವೇ ಕಲಿತವರು.

ಊರಿಗೆ ಹೋದಾಗ ಆ ಹಾಡನ್ನು ಅಮ್ಮನಿಗೆ ಕೇಳಿಸಿದೆ. ಮುಗಿಯುವವರೆಗೂ ಸುಮ್ಮನಿದ್ದು, "ಇಬ್ಬರು ಎದುರುಬದುರು ನಿಂತು ಕುಟ್ಟಿದ್ರೆ ಏಟು ಹೀಗೇ ಬೀಳೋದು" ಎಂದರು. ಭತ್ತ ಕುಟ್ಟುತ್ತಾ ಪದ ಹೇಳಿದ ಕೈ ಅವರದು. ವಾದ್ಯದ ವಿವರವನ್ನು ನಾನು ಅವರಿಗೆ ಹೇಳಿದ್ದು ಆಮೇಲೆ.

ಅಲ್ಲಿಂದ ಮುಂದಿನ ದಾರಿಯನ್ನು ತೋರಿಸಿದ್ದು ಈ ಸೇವೆಯ ಎರಡು ಸೌಲಭ್ಯಗಳು. ಒಂದು, ಆಲ್ಬಮ್ಮುಗಳಿಗೆ ಹಚ್ಚಿರುವ ಊರು ಮತ್ತು ಪ್ರಕಾರದ ಟ್ಯಾಗ್‌ಗಳು. ಎರಡನೆಯದು ನನಗೆ ಇನ್ನೂ ಮುಖ್ಯ: ಒಂದು ಆಲ್ಬಮ್ಮನ್ನು ಕೊಂಡವರ ಸಂಗ್ರಹವನ್ನು ನಾವು ತೆರೆದು ನೋಡಬಹುದು. ಯಂತ್ರದ ಶಿಫಾರಸು ಒಂದೇ ಬಗೆಯ ಹಾಡುಗಳ ಸುತ್ತ ತಿರುಗಿಸುತ್ತದೆ. ಹತ್ತು ವರ್ಷ ಕಿವಿಗೊಟ್ಟು ಕೂಡಿಸಿದ ಒಬ್ಬ ಮನುಷ್ಯನ ಸಂಗ್ರಹ ಹಾಗಲ್ಲ. ಅಂಥ ಒಂದು ಸಂಗ್ರಹದಿಂದಲೇ ನನಗೆ ಎಮ್ದೂ ಮೋಕ್ತಾರ್ ಪರಿಚಯವಾದರು. ಮೊದಲ ಗಿಟಾರಿಗೆ ಸೈಕಲ್ಲಿನ ಬ್ರೇಕ್ ತಂತಿ ಕಟ್ಟಿಕೊಂಡು ಕಲಿತ ಈ ಕಲಾವಿದರ ಆರಂಭದ ಹಾಡುಗಳು ಅಂಗಡಿಗಳಲ್ಲಿ ಮಾರಾಟವಾಗುವ ಬದಲು ಮೊಬೈಲಿನ ಮೆಮೊರಿ ಕಾರ್ಡ್‌ಗಳಲ್ಲಿ ಕೈಯಿಂದ ಕೈಗೆ ದಾಟಿ ಸಹಾರಾ ತುಂಬ ಹರಡಿದವು. ಇನ್ನೊಂದು ಸಂಗ್ರಹ ದಕ್ಷಿಣ ಕೊರಿಯಾದ ಜಂಬಿನಾಯ್ ತಂಡದ ಕಡೆಗೆ ಒಯ್ದಿತು. ಎರಡು ತಂತಿಗಳ ಹೇಗಮ್ ಮತ್ತು ಬಿದಿರಿನ ಕಡ್ಡಿಯಿಂದ ಮೀಟುವ ಆರು ತಂತಿಗಳ ಗೊಮುಂಗೊ ವಾದ್ಯಗಳನ್ನು ಅವರು ಅಬ್ಬರದ ರಾಕ್ ಸಂಗೀತದ ನಡುವೆ ನಿಲ್ಲಿಸುತ್ತಾರೆ. ಅಲಂಕಾರಕ್ಕೆಂದು ಹಳೆಯ ವಾದ್ಯವನ್ನು ಸೇರಿಸಿದ ಸಂಗೀತ ಅದಲ್ಲ. ಹೇಗಮ್ ತೆಗೆದರೆ ಹಾಡೇ ಉಳಿಯುವುದಿಲ್ಲ. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನ ಸಮಾರೋಪದಲ್ಲೂ ಅವರು ನುಡಿಸಿದ್ದಾರೆ.

ಕೊರತೆಗಳೂ ಇವೆ. 'ವರ್ಲ್ಡ್' ಎಂಬ ಒಂದೇ ಶೀರ್ಷಿಕೆಯಡಿ ನೈಜರ್, ಟರ್ಕಿ, ಕೊರಿಯಾಗಳನ್ನು ತುಂಬುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಹೊಸಬರು ಆ ಶೀರ್ಷಿಕೆಯನ್ನು ಬಿಟ್ಟು ನೇರವಾಗಿ ಊರಿನ ಹೆಸರು, ವಾದ್ಯದ ಹೆಸರಿನಿಂದ ಹುಡುಕುವುದು ಒಳ್ಳೆಯದು. ಹಾಡಿನ ಅರ್ಥ ಎಲ್ಲ ಪುಟಗಳಲ್ಲೂ ಇರುವುದಿಲ್ಲ. ಬೆಲೆಗಳು ಹೆಚ್ಚಾಗಿ ಡಾಲರ್, ಯೂರೋಗಳಲ್ಲಿ ಇರುವುದರಿಂದ ಅಂತರರಾಷ್ಟ್ರೀಯ ಪಾವತಿಗೆ ಅನುಮತಿಯಿರುವ ಕಾರ್ಡ್ ಬೇಕು. ನನ್ನ ಬ್ಯಾಂಕ್ ಮೊದಲ ಮೂರು ಪ್ರಯತ್ನಗಳನ್ನೂ ತಿರಸ್ಕರಿಸಿತ್ತು. ಆಸೆಪಟ್ಟು ತರಿಸಿದ ಒಂದು ಎಲ್‌ಪಿ ಆರು ವಾರಗಳ ನಂತರ, ಸುಂಕ ಕಟ್ಟಿದ ಮೇಲೆ, ಬಿಸಿಲಿಗೆ ಬಾಗಿದ ಸ್ಥಿತಿಯಲ್ಲಿ ಕೊರಿಯರ್ ಮೂಲಕ ಕೈಸೇರಿತು. ಆಮೇಲೆ ನಾನು ಡಿಜಿಟಲ್ ಪ್ರತಿಯನ್ನಷ್ಟೇ ಕೊಳ್ಳುತ್ತಿದ್ದೇನೆ.

ಕಂಪನಿ 2022ರಲ್ಲಿ ವಿಡಿಯೊ ಗೇಮ್ ಸಂಸ್ಥೆ ಎಪಿಕ್ ಗೇಮ್ಸ್‌ಗೆ, 2023ರಲ್ಲಿ ಸಂಗೀತದ ಪರವಾನಗಿ ವ್ಯವಹಾರದ ಸಾಂಗ್‌ಟ್ರೇಡರ್‌ಗೆ ಮಾರಾಟವಾಯಿತು. ಎರಡನೆಯ ಬಾರಿ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಆಗ ನನಗೆ ನಿಜಕ್ಕೂ ಆತಂಕವಾಗಿತ್ತು, ಅದು ಪೂರ್ತಿ ಹೋಗಿಲ್ಲ. ಆದ್ದರಿಂದ ಕೊಂಡ ದಿನವೇ ಫ್ಲ್ಯಾಕ್ ಪ್ರತಿಯನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳುತ್ತೇನೆ; ಈ ಸೇವೆ ಬಳಸುವ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ನನ್ನ ಲೆಕ್ಕ ತಿಂಗಳಿಗೆ ಒಂದು ಆಲ್ಬಮ್ಮು. ಒಂದನ್ನೇ ಕೊಂಡಿರುವುದರಿಂದ ಅದರ ಬರಹವನ್ನು ಓದುತ್ತೇನೆ, ತಿಂಗಳಿಡೀ ಅದನ್ನೇ ಕೇಳುತ್ತೇನೆ. ಕಂಪನಿ ತನ್ನ ಪಾಲನ್ನು ಬಿಟ್ಟುಕೊಡುವ ಕೆಲವು ಶುಕ್ರವಾರಗಳಿವೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲದಲ್ಲಿ, ಶುರುವಾದ ಪದ್ಧತಿ ಅದು. ಮುಂದಿನ ಅಂಥ ಶುಕ್ರವಾರಕ್ಕೆಂದು ತುವಾರೆಗ್ ಹೆಂಗಸರು ನುಡಿಸುವ ಒಂಟಿ ತಂತಿಯ ಇಮ್ಜಾದ್ ವಾದ್ಯದ ಒಂದು ಧ್ವನಿಮುದ್ರಣವನ್ನು ಪಟ್ಟಿಯಲ್ಲಿ ಹಾಕಿಟ್ಟಿದ್ದೇನೆ. ಈ ಸಲ ಅದನ್ನು ಅಮ್ಮ ಮತ್ತು ನಾನು ಒಟ್ಟಿಗೇ ಮೊದಲ ಬಾರಿ ಕೇಳಬೇಕೆಂದು, ಪುಟದಲ್ಲಿರುವ ಮಾದರಿಯನ್ನೂ ತೆರೆಯದೆ ಬಿಟ್ಟಿದ್ದೇನೆ.