ಲೆಂಟ್ ಅಂಕಪದ್ಧತಿ: ಬಳಸಲು ಸುಲಭ, ನಂಬುವಾಗ ಎಚ್ಚರ

ಕ್ಯಾನ್ಸರ್‌ನಿಂದಾಗಿ ಶ್ವಾಸಕೋಶದ ಸುತ್ತ ನೀರು ತುಂಬಿಕೊಂಡ ರೋಗಿಯ ಮುಂದೆ ಇನ್ನೆಷ್ಟು ಕಾಲವಿದೆ ಎಂದು ಅಂದಾಜಿಸಲು 2014ರಲ್ಲಿ ಪ್ರಕಟವಾದ ಲೆಂಟ್ ಅಂಕಪದ್ಧತಿಯ ದೊಡ್ಡ ಗುಣವೆಂದರೆ, ಅದು ಹೊಸ ಪರೀಕ್ಷೆ ಯಾವುದನ್ನೂ ಕೇಳುವುದಿಲ್ಲ. ತೆಗೆದ ನೀರಿನಲ್ಲಿರುವ ಎಲ್‌ಡಿಎಚ್ ಎಂಬ ಕಿಣ್ವದ ಪ್ರಮಾಣ, ರೋಗಿ ಎಷ್ಟರ ಮಟ್ಟಿಗೆ ಓಡಾಡಿಕೊಂಡಿದ್ದಾರೆ ಎಂಬುದನ್ನು ಹೇಳುವ ಇಕಾಗ್ ದರ್ಜೆ, ರಕ್ತದಲ್ಲಿನ ನ್ಯೂಟ್ರೋಫಿಲ್ ಹಾಗೂ ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ಕಣಗಳ ಅನುಪಾತ ಮತ್ತು ಕ್ಯಾನ್ಸರ್‌ನ ಬಗೆ, ಇಷ್ಟು ತಿಳಿದರೆ ಸಾಕು. ಒಟ್ಟು ಅಂಕ 0ರಿಂದ 7. ಮೂಲ ಅಧ್ಯಯನದಲ್ಲಿ 0-1 ಅಂಕ ಪಡೆದವರ ಮೀಡಿಯನ್ ಬದುಕು (ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 319 ದಿನ, 2-4ರವರದು 130 ದಿನ, 5-7ರವರದು 44 ದಿನ.

ನನ್ನ ತಕರಾರು ಇರುವುದು ಇಕಾಗ್ ದರ್ಜೆಯ ಬಗ್ಗೆ. ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ ಆರಂಭದಲ್ಲೇ 2 ಅಂಕ ಬೀಳುತ್ತದೆ; ಏದುಸಿರಿನಿಂದ ಎಚ್ಚರವಿರುವ ಹೊತ್ತಿನ ಅರ್ಧಕ್ಕೂ ಹೆಚ್ಚನ್ನು ಹಾಸಿಗೆಯಲ್ಲೇ ಕಳೆಯುವಂತಾಗಿ ದರ್ಜೆ 3 ಆಗಿದ್ದರೆ ಇನ್ನೂ 3 ಸೇರಿ, ಉಳಿದೆರಡು ಸೊನ್ನೆಯಾಗಿದ್ದರೂ ಒಟ್ಟು 5 ಆಗುತ್ತದೆ. ಅದೇ ರೋಗಿ ನೀರು ತೆಗೆಸಿಕೊಂಡ ಮೇಲೆ ಉಸಿರು ಹಗುರಾಗಿ ತಾವೇ ಎದ್ದು ಓಡಾಡಿದರೆ ದರ್ಜೆ 2ಕ್ಕೆ, ಒಟ್ಟು ಅಂಕ 4ಕ್ಕೆ ಇಳಿಯುತ್ತದೆ, ಅಂದಾಜು 44 ದಿನದಿಂದ 130ಕ್ಕೆ ಜಿಗಿಯುತ್ತದೆ. ರೋಗ ಮಾತ್ರ ಇದ್ದಲ್ಲೇ ಇದೆ! ಸ್ಟೀರಾಯ್ಡ್ ಕೊಟ್ಟಿದ್ದರೆ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿಯುವುದರಿಂದ, ಅನುಪಾತ 9ನ್ನು ದಾಟಿ ಇನ್ನೊಂದು ಅಂಕ ಸುಮ್ಮನೆ ಸೇರಿಕೊಳ್ಳಬಹುದು.

ಎರಡನೆಯ ಕೊರತೆ ಕಾಲದ್ದು: ಈಗಿನ ಚಿಕಿತ್ಸೆಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಡ್ಡೆಯ ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ರೂಪಾಂತರವಿದ್ದು ಅದಕ್ಕೆಂದೇ ಇರುವ ಮಾತ್ರೆಗೆ ಚೆನ್ನಾಗಿ ಸ್ಪಂದಿಸುವ ರೋಗಿಯನ್ನೂ ಈ ಪದ್ಧತಿ ಇತರ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಸಾಲಿನಲ್ಲೇ ನಿಲ್ಲಿಸುತ್ತದೆ. ಅಂಥವರ ಮಟ್ಟಿಗೆ ಅದರ ಅಂದಾಜನ್ನು ನಾನು ಬದಿಗಿಡುತ್ತೇನೆ.

2018ರಲ್ಲಿ ಬಂದ ಪ್ರಾಮಿಸ್ ಪದ್ಧತಿ ಹಿಮೋಗ್ಲೋಬಿನ್, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತದ ಪ್ರೋಟೀನ್), ಬಿಳಿ ರಕ್ತಕಣ, ಹಿಂದೆ ಪಡೆದ ಕಿಮೋಥೆರಪಿ, ರೇಡಿಯೋಥೆರಪಿ ಎಲ್ಲವನ್ನೂ ಕೇಳಿ, ಮೂರು ತಿಂಗಳೊಳಗಿನ ಸಾವಿನ ಸಾಧ್ಯತೆಯನ್ನು ಹೇಳುತ್ತದೆ. ಹೆಚ್ಚು ವಿವರ ಬೇಕೆನ್ನುವವರಿಗೆ ಅದೇ ಸರಿ. ಆದರೆ ನೀರು ಮತ್ತೆ ತುಂಬದಂತೆ ಎದೆಯೊಳಗೆ ಟಾಲ್ಕ್ ಪುಡಿ ಹಾಕಿಸಲು ಆಸ್ಪತ್ರೆಯಲ್ಲಿ ಉಳಿಯುವುದೋ, ಮನೆಯಲ್ಲೇ ನೀರು ತೆಗೆಯಲು ಬರುವ ಕ್ಯಾತಿಟರ್ ಕೊಳವೆ ಇಡಿಸಿಕೊಂಡು ಹೊರಡುವುದೋ ಎಂದು ರೋಗಿಯೊಡನೆ ಕುಳಿತು ಮಾತಾಡುವಾಗ ಲೆಂಟ್ ಈಗಲೂ ನೆರವಿಗೆ ಬರುತ್ತದೆ, ದರ್ಜೆಯನ್ನು ನೀರು ತೆಗೆದ ಬಳಿಕ ಮತ್ತೊಮ್ಮೆ ನೋಡಿ ಲೆಕ್ಕ ಹಾಕಿದ್ದರೆ.