ಸಿಡಿ, ಡಿವಿಡಿಗೆ ಗೀರು ಬೀಳದಿರಲು ಯಾವ ಕವರು ಒಳ್ಳೇದು? ಎಲ್ಲವನ್ನೂ ಬಳಸಿ ನೋಡಿದೆ

ಮನೆಯಲ್ಲಿ ಇನ್ನೂ ಸಿಡಿ, ಡಿವಿಡಿ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿನಿಮಾ ಹಾಡಿನ ಸಿಡಿ ಹಾಳಾದರೆ ಹೋಗಲಿ, ಮೊಬೈಲಿನಲ್ಲೇ ಸಿಗುತ್ತದೆ. ಆದರೆ ದೇವಸ್ಥಾನದ ಗದ್ದೆಯಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನ ಆಟದ ರೆಕಾರ್ಡಿಂಗು, ಈಗ ಇಲ್ಲದ ಭಾಗವತರ ದನಿ ಇರುವ ತಾಳಮದ್ದಳೆ, ಅಕ್ಕನ ಮದುವೆ ವಿಡಿಯೋ? ಇವು ಬೇರೆಲ್ಲೂ ಸಿಗುವುದಿಲ್ಲ. ಕರಾವಳಿಯ ನಮ್ಮ ಮನೆಯಲ್ಲಿ ಇಂಥವೇ ಒಂದು ಕಪಾಟು ತುಂಬ ಇವೆ. ಅವನ್ನು ಯಾವುದರಲ್ಲಿ ಇಟ್ಟರೆ ಉಳಿಯುತ್ತವೆ ಎಂದು ತಿಳಿಯುವುದು ನನಗೆ ತೀರಾ ಮುಖ್ಯವಾಗಿತ್ತು.

ಅಸಲಿ ಡಿಸ್ಕುಗಳ ಮೇಲೆ ಪ್ರಯೋಗ ಮಾಡುವ ಹಾಗಿರಲಿಲ್ಲ. ಒಂದೇ ಕಟ್ಟಿನ ಖಾಲಿ ಸಿಡಿಗಳಿಗೆ ಒಂದೇ ರೆಕಾರ್ಡಿಂಗ್ ಬರೆದು, ಬೇರೆ ಬೇರೆ ಕವರಿನಲ್ಲಿ ಹಾಕಿ, ಒಂದೇ ಕಪಾಟಿನಲ್ಲಿ ಇಟ್ಟೆ. ಡಿವಿಡಿಗೂ ಹಾಗೇ ಮಾಡಿದೆ. ಆಗಾಗ ತೆಗೆದು ಹಾಕಿ, ಮತ್ತೆ ಕವರಿಗೆ ಸೇರಿಸಿ, ಮಳೆಗಾಲವನ್ನೂ ದಾಟಿಸಿದೆ. ಆಮೇಲೆ ಎರಡು ಪರೀಕ್ಷೆ. ಒಂದು, ಕತ್ತಲೆ ಕೋಣೆಯಲ್ಲಿ ಟಾರ್ಚ್ ಬೆಳಕನ್ನು ಡಿಸ್ಕಿನ ಮೇಲೆ ಓರೆಯಾಗಿ ಬಿಟ್ಟು ನೋಡುವುದು. ಹಗಲಿನಲ್ಲಿ ಕನ್ನಡಿಯಂತಿದ್ದ ಡಿಸ್ಕಿನ ಮೇಲೂ ಆಗ ಕೂದಲೆಳೆ ಗೀರುಗಳು ಎದ್ದು ಕಾಣುತ್ತವೆ. ಇನ್ನೊಂದು, ಕಂಪ್ಯೂಟರಿನಲ್ಲಿ ಡಿಸ್ಕ್ ಸ್ಕ್ಯಾನ್ ಮಾಡುವುದು. ಸಿಡಿಯಲ್ಲಿ ಸಿ2 ಎರರ್ ಬಂತೆಂದರೆ, ಓದುವಾಗ ಆದ ತಪ್ಪನ್ನು ಡ್ರೈವ್ ತಾನೇ ತಿದ್ದಿಕೊಳ್ಳುವ ಮೊದಲ ಹಂತ ಕೈಬಿಟ್ಟಿದೆ ಎಂದೇ ಅರ್ಥ. ಡಿವಿಡಿಗೆ ಓದುವ ವೇಗದ ಗ್ರಾಫ್ ನೋಡಿದೆ. ಎಲ್ಲಿ ವೇಗ ತಟ್ಟನೆ ಬೀಳುತ್ತದೋ ಅಲ್ಲಿ ಡ್ರೈವ್ ಒದ್ದಾಡುತ್ತಿದೆ.

ಕವರಿನ ವಿಷಯಕ್ಕೆ ಬರುವ ಮೊದಲು ಡಿಸ್ಕಿನ ಒಳಗೆ ಏನಿದೆ ಎಂದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ಸಿಡಿಯ ದಪ್ಪ 1.2 ಮಿಲಿಮೀಟರ್. ಹೆಚ್ಚುಕಮ್ಮಿ ಪೂರ್ತಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ನಾವೆಲ್ಲ ಜೋಪಾನ ಮಾಡುವುದು ಹೊಳೆಯುವ ಕೆಳಬದಿಯನ್ನು. ಆದರೆ ಡೇಟಾ ಇರುವ ಪದರ ಅಲ್ಲಿಲ್ಲ. ಅದು ಮೇಲೆ, ಲೇಬಲಿನ ಅಡಿಯಲ್ಲೇ ಇದೆ. ಅದನ್ನು ಕಾಯುತ್ತಿರುವುದು ವಾರ್ನಿಶಿನಂಥ ತೆಳ್ಳನೆಯ ಒಂದು ಲ್ಯಾಕರ್ ಪದರ ಮತ್ತು ಅದರ ಮೇಲಿನ ಶಾಯಿ, ಅಷ್ಟೇ. ಲೇಬಲ್ ಬದಿಯಲ್ಲಿ ಪಿನ್ನಿನಿಂದ ಗೀರಿದರೆ ಡೇಟಾ ಪದರವೇ ಕಿತ್ತು ಬರುತ್ತದೆ. ಆ ಜಾಗವನ್ನು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಹೋದದ್ದು ಹೋಯಿತು, ಯಾವ ರಿಪೇರಿಯೂ ಇಲ್ಲ.

ಕೆಳಬದಿಯ ಗೀರು ಅಷ್ಟು ಕೆಟ್ಟದ್ದಲ್ಲ. ಲೇಸರ್ ಕಿರಣ ಪ್ಲಾಸ್ಟಿಕ್ಕಿನ ಒಳಗೆ ಹೋಗುವ ಕಡೆ ಸುಮಾರು 0.8 ಮಿಲಿಮೀಟರ್ ಅಗಲ ಇರುತ್ತದೆ, ಡೇಟಾ ತಲುಪುವಾಗ ಎರಡು ಮೈಕ್ರಾನಿಗಿಂತಲೂ ಚಿಕ್ಕದಾಗುತ್ತದೆ. ಕಿಟಕಿ ಗಾಜಿನ ಮೇಲಿನ ಸಣ್ಣ ಚುಕ್ಕೆ, ಆಚೆಗಿನ ತೆಂಗಿನಮರ ನೋಡುವವನಿಗೆ ಅಡ್ಡ ಬರುವುದಿಲ್ಲವಲ್ಲ, ಹಾಗೆ. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆ ಅಂಟಿಸಿ ಡೇಟಾವನ್ನು ನಡುವೆ ಇಟ್ಟಿದ್ದಾರೆ. ಹಾಗಾಗಿ ಅದರ ಲೇಬಲ್ ಬದಿ ಸಿಡಿಗಿಂತ ಎಷ್ಟೋ ಗಟ್ಟಿ. ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಡೇಟಾ ಕೆಳಬದಿಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಅದಕ್ಕೇ ಅದರ ಮೇಲೆ ಗೀರು ತಡೆಯುವ ಗಟ್ಟಿ ಲೇಪ ಹಾಕಿರುತ್ತಾರೆ.

ಇನ್ನು ಗೀರಿನ ದಿಕ್ಕು. ಡೇಟಾ ಒಳಗಿನಿಂದ ಹೊರಗೆ ಸುರುಳಿಯಾಗಿ ಸುತ್ತಿಕೊಂಡಿದೆ. ನಡುವಿನಿಂದ ಅಂಚಿಗೆ ನೇರವಾಗಿ ಬಿದ್ದ ಗೀರು ಪ್ರತಿ ಸುತ್ತನ್ನೂ ಒಂದೇ ಕ್ಷಣ ಕತ್ತರಿಸುತ್ತದೆ. ಸಿಡಿಯ ತಪ್ಪು ತಿದ್ದುವ ವ್ಯವಸ್ಥೆ ಒಂದು ಸುತ್ತಿನಲ್ಲಿ ಸುಮಾರು 2.5 ಮಿಲಿಮೀಟರ್ ತನಕದ ತುಂಡು ಹೋದರೂ ಸರಿಮಾಡಿಕೊಳ್ಳುತ್ತದೆ. ಆದರೆ ಬಳೆಯಾಕಾರಕ್ಕೆ ಬಿದ್ದ ಗೀರು ಸುತ್ತಿನ ಜೊತೆಜೊತೆಗೇ ಸೆಂಟಿಮೀಟರ್‌ಗಟ್ಟಲೆ ಹೋಗುತ್ತದೆ. ಅದನ್ನು ತಿದ್ದಲು ಆಗುವುದಿಲ್ಲ. ಹಾಗಾಗಿ ಕವರು ನೋಡುವಾಗ ನಾನು ಕೇಳಿಕೊಂಡದ್ದು ಎರಡೇ ಪ್ರಶ್ನೆ: ಇದು ಡಿಸ್ಕಿನ ಮೈಗೆ ತಾಗುತ್ತದೋ ಇಲ್ಲವೋ? ತಾಗಿದರೆ ಎತ್ತ ಕಡೆ ಗೀರುತ್ತದೆ?

ಕಾಗದದ ಕವರು ಎಲ್ಲಕ್ಕಿಂತ ಅಗ್ಗ. ಮುಂದೆ ದುಂಡನೆಯ ಪ್ಲಾಸ್ಟಿಕ್ ಕಿಟಕಿ ಇರುವ ಬಿಳಿ ಕವರು, ಎಲ್ಲರೂ ನೋಡಿರುತ್ತೀರಿ. ಮೆತ್ತಗಿದೆ ಎನಿಸುತ್ತದೆ, ಆದರೆ ಕಾಗದದ ನಾರು ಪ್ಲಾಸ್ಟಿಕ್ಕಿಗೆ ಮೆತ್ತಗಲ್ಲ. ಟಾರ್ಚ್ ಬಿಟ್ಟಾಗ ಈ ಡಿಸ್ಕಿನ ಮೇಲೆ ತೆಳ್ಳನೆಯ ಗೀರುಗಳು ಒಂದರ ಪಕ್ಕ ಒಂದು ಕಂಡವು. ಹೆಚ್ಚಿನವು ಡಿಸ್ಕ್ ಹೊರಗೆಳೆದ ದಿಕ್ಕಿಗೇ ಇದ್ದವು. ಸ್ಕ್ಯಾನಿನಲ್ಲಿ ತೊಂದರೆ ಕಾಣಲಿಲ್ಲ. ನಿಜವಾದ ಸಮಸ್ಯೆ ಮಳೆಗಾಲದ್ದು. ಆಷಾಢದ ಥಂಡಿ ಹಿಡಿದ ಕಾಗದ ಮೆತ್ತಗಾಗಿ ಡಿಸ್ಕಿಗೆ ಅಂಟುವ ಹಾಗಾಯಿತು, ಅಂಟು ಹಾಕಿದ ಅಂಚಿನಲ್ಲಿ ಬೂಷ್ಟು ಬಂತು. ಬಯಲುಸೀಮೆಯ ಒಣ ಹವೆಯಲ್ಲಿ ಇಷ್ಟು ಕಷ್ಟ ಇರಲಿಕ್ಕಿಲ್ಲ. ಯಾರಿಗಾದರೂ ಕೊಟ್ಟು ಕಳಿಸಲು ಕಾಗದದ ಕವರು ಸಾಕು, ವರ್ಷಗಟ್ಟಲೆ ಇಡಲು ಬೇಡ.

ಈಗ ಜಿಪ್ ಇರುವ ಪೌಚು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ಡಿಸ್ಕುಗಳು ಇರುವುದು ಇದರಲ್ಲೇ. ನೂರಾರು ಡಿಸ್ಕು ಒಂದೇ ಕಡೆ ಹಿಡಿಯುತ್ತದೆ, ಕಾರಿನಲ್ಲಿ ಒಯ್ಯಬಹುದು, ನೋಡಲು ಚೆಂದ. ಒಳ್ಳೆಯ ಪೌಚಿನ ಒಳಗೆ ಬಿಳಿ ನಾನ್-ವೋವನ್ ಬಟ್ಟೆ ಇರುತ್ತದೆ, ಅದು ಕಾಗದಕ್ಕಿಂತ ನಿಜವಾಗಿಯೂ ಮೃದು. ಹೊಸದರಲ್ಲಿ ನನ್ನ ಡಿಸ್ಕಿನ ಮೇಲೆ ಒಂದು ಗೀರೂ ಕಾಣಲಿಲ್ಲ. ತೊಂದರೆ ಶುರುವಾದದ್ದು ಧೂಳು ಸೇರಿದ ಮೇಲೆ. ನಮ್ಮ ಕಡೆಯ ಮುರಕಲ್ಲಿನ ಕೆಂಪು ಧೂಳು ಎಂದರೆ ಸಣ್ಣ ಸಣ್ಣ ಕಲ್ಲೇ. ಅದು ಬಟ್ಟೆಯಲ್ಲಿ ಸೇರಿಕೊಂಡರೆ ಕೊಡವಿದರೂ ಹೋಗುವುದಿಲ್ಲ. ಪ್ರತಿ ಸಲ ಡಿಸ್ಕ್ ತೂರಿಸುವಾಗ, ಎಳೆಯುವಾಗ ಅದೇ ಕಣ ಗೀರುತ್ತದೆ. ಪೌಚಿನ ಬಾಯಿ ಬಿಗಿಯಾಗಿದ್ದರೆ ನಾವು ಡಿಸ್ಕನ್ನು ಹೆಬ್ಬೆರಳಿನಿಂದ ತಿರುಗಿಸಿ ತಿರುಗಿಸಿ ಹೊರಗೆ ತೆಗೆಯುತ್ತೇವೆ, ಅಲ್ವಾ? ಆ ತಿರುಗಿಸುವಿಕೆಯಲ್ಲೇ ಬಳೆಯಾಕಾರದ ಗೀರು ಬೀಳುವುದು. ಸಿ2 ಎರರ್ ತೋರಿಸಿದ ನನ್ನ ಡಿಸ್ಕು ಇದೇ ಪೌಚಿನದ್ದು.

ಇನ್ನೂ ಒಂದು ಮಾತು. ಪೌಚಿನ ಮುಂಬದಿಯ ಪಾರದರ್ಶಕ ಹಾಳೆ ಪಾಲಿಪ್ರೊಪಿಲೀನ್ ಆಗಿದ್ದರೆ ಚಿಂತೆಯಿಲ್ಲ. ಅಗ್ಗದವುಗಳಲ್ಲಿ ಪಿವಿಸಿ ಇರುತ್ತದೆ. ಪಿವಿಸಿಯನ್ನು ಮೆತ್ತಗೆ ಮಾಡಲು ಸೇರಿಸುವ ಪ್ಲಾಸ್ಟಿಸೈಸರ್ ಕಾಲ ಕಳೆದಂತೆ, ಬಿಸಿಲಿಗೆ ಇನ್ನೂ ಬೇಗ, ಹೊರಗೆ ಬರುತ್ತದೆ. ತಾಗಿಕೊಂಡಿರುವುದು ಲೇಬಲ್ ಬದಿ ಎಂಬುದು ನೆನಪಿರಲಿ. ಅಂಟಿಕೊಂಡ ಹಾಳೆಯನ್ನು ಎಳೆದರೆ ಶಾಯಿ ಅದರ ಜೊತೆ ಎದ್ದು ಬರುತ್ತದೆ, ಕೆಲವೊಮ್ಮೆ ಲ್ಯಾಕರ್ ಕೂಡ. ಮೂಸಿ ನೋಡಿ: ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದನ್ನು ಕೊಳ್ಳಬೇಡಿ. ಮತ್ತೆ ಪೌಚಿನ ಒಂದೇ ಜೇಬಿಗೆ ಎರಡು ಡಿಸ್ಕು ತುರುಕುವ ಅಭ್ಯಾಸ ಇದ್ದರೆ ದಯವಿಟ್ಟು ಇವತ್ತೇ ಬಿಡಿ.

ಖಾಲಿ ಡಿಸ್ಕು ಬರುವ ದುಂಡು ಡಬ್ಬಿ, ಕೇಕ್ ಬಾಕ್ಸ್, ನಾನು ಅಂದುಕೊಂಡದ್ದಕ್ಕಿಂತ ಒಳ್ಳೆಯದು. ಡಿಸ್ಕಿನ ಕೆಳಬದಿಯಲ್ಲಿ, ನಡುವಿನ ತೂತಿನ ಹತ್ತಿರ, ಸಣ್ಣ ಉಬ್ಬು ಬಳೆ ಇರುವುದನ್ನು ಬೆರಳಿನಿಂದ ಸವರಿ ನೋಡಿ. ಒಂದರ ಮೇಲೊಂದು ಪೇರಿಸಿದಾಗ ಡೇಟಾ ಇರುವ ಭಾಗ ತಾಗದಿರಲಿ ಎಂದೇ ಅದನ್ನು ಇಟ್ಟಿದ್ದಾರೆ. ಹಾಗಾಗಿ ಮುಟ್ಟದೆ ಇಟ್ಟರೆ ಡಿಸ್ಕು ಹೊಸದರಂತೆಯೇ ಇರುತ್ತದೆ. ಆದರೆ ಕೆಳಗಿನ ಡಿಸ್ಕು ಬೇಕೆಂದರೆ ಮೇಲಿನದ್ದೆಲ್ಲ ತೆಗೆದು ಟೇಬಲಿನ ಮೇಲೆ ಇಡಬೇಕು. ಗೀರು ಬೀಳುವುದು ಆ ಟೇಬಲಿನ ಮೇಲೆ. ಮೇಲೆ ದಪ್ಪ ಸ್ಟಿಕ್ಕರ್ ಅಂಟಿಸಿದ ಡಿಸ್ಕು ಇದ್ದರೆ ಉಬ್ಬು ಬಳೆಯ ಲಾಭವೂ ಹೋಯಿತು. ಎರಡನೇ ಪ್ರತಿ ಮಾಡಿ ಎತ್ತಿಡುವವರಿಗೆ ಇದು ಸರಿ, ದಿನಾ ಕೇಳುವವರಿಗೆ ಅಲ್ಲ.

ಇನ್ನು ಜ್ಯುವೆಲ್ ಕೇಸ್, ಅಂದರೆ ಆಡಿಯೋ ಸಿಡಿ ಮಾರಾಟಕ್ಕೆ ಬರುತ್ತಿದ್ದ ಗಟ್ಟಿ ಪಾರದರ್ಶಕ ಡಬ್ಬಿ. ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಈ ಡಬ್ಬಿ ಜೊತೆಗಿದೆ. ಅಷ್ಟು ವರ್ಷದ ಹಿಂದಿನ ಆಲೋಚನೆಯಾದರೂ ನನ್ನ ಪರೀಕ್ಷೆಯಲ್ಲಿ ಗೆದ್ದದ್ದು ಇದೇ. ನಡುವಿನ ಹಲ್ಲುಗಳು ಡಿಸ್ಕನ್ನು ತೂತಿನಲ್ಲಿ ಹಿಡಿದುಕೊಳ್ಳುತ್ತವೆ. ಡೇಟಾ ಇರುವ ಭಾಗ ಮೇಲೂ ಕೆಳಗೂ ಯಾವುದಕ್ಕೂ ತಾಗದೆ ಗಾಳಿಯಲ್ಲೇ ನಿಂತಿರುತ್ತದೆ. ತಾಗದೇ ಇದ್ದರೆ ಗೀರು ಎಲ್ಲಿಂದ ಬರಬೇಕು? ಟಾರ್ಚಿನಲ್ಲಿ ಕಂಡದ್ದು ನನ್ನ ಬೆರಳಚ್ಚು ಮಾತ್ರ. ಸ್ಕ್ಯಾನ್ ಹೆಚ್ಚುಕಮ್ಮಿ ಮೊದಲ ದಿನದ ಹಾಗೇ ಬಂತು.

ಆದರೆ ಡಬ್ಬಿ ಪಾಲಿಸ್ಟೈರೀನಿನದ್ದು, ಕೈತಪ್ಪಿ ಬಿದ್ದರೆ ಒಡೆಯುತ್ತದೆ. ಮುಚ್ಚಳದ ಕೀಲು ಮುರಿದರೆ ಪರವಾಗಿಲ್ಲ. ನಡುವಿನ ಹಲ್ಲು ಮುರಿದರೆ ಮಾತ್ರ ತಡಮಾಡಬೇಡಿ. ಮೊದಲನೆಯದಾಗಿ ಡಿಸ್ಕು ಸಡಿಲವಾಗಿ ಒಳಗೆಲ್ಲ ತಿರುಗುತ್ತದೆ. ಎರಡನೆಯದು, ಮುರಿದ ಹಲ್ಲಿನ ಚೂರು ಒಳಗೇ ಉಳಿದು ಬಳೆಯಾಕಾರಕ್ಕೇ ಗೀರುತ್ತದೆ. ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಗಲಗಲ ಸದ್ದು ಬಂದರೆ ಒಳಗಿನ ತಟ್ಟೆ ಬದಲಿಸಿ. ಖಾಲಿ ಡಬ್ಬಿಯ ತಟ್ಟೆ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುತ್ತದೆ. ಹಾಗಾಗಿ ಹಳೇ ಡಬ್ಬಿ ಬಿಸಾಡಬೇಡಿ. ಅರ್ಧ ದಪ್ಪದ ಸ್ಲಿಮ್ ಕೇಸ್ ಜಾಗ ಉಳಿಸುತ್ತದೆ, ಆದರೆ ನನ್ನ ಹತ್ತಿರ ಇದ್ದವುಗಳ ಹಲ್ಲು ಬಹಳ ಬೇಗ ಹೋಯಿತು. ಮತ್ತೆ, ತೆಗೆಯುವಾಗ ಒಂದು ಬೆರಳಿನಿಂದ ನಡುವಿನ ಹಲ್ಲು ಒತ್ತಿ, ಉಳಿದ ಬೆರಳುಗಳಿಂದ ಅಂಚು ಹಿಡಿದು ಎತ್ತಬೇಕು. ಅಂಚು ಹಿಡಿದು ಸೀದಾ ಎಳೆದರೆ ಡಿಸ್ಕೂ ಬಾಗುತ್ತದೆ, ಹಲ್ಲೂ ಹೋಗುತ್ತದೆ.

ಡಿವಿಡಿಯ ಉದ್ದನೆಯ ಕಪ್ಪು ಡಬ್ಬಿಗೂ ಇದೇ ಮಾತು. ಅದು ಪಾಲಿಪ್ರೊಪಿಲೀನ್, ಬಿದ್ದರೂ ಒಡೆಯುವುದಿಲ್ಲ. ಮಕ್ಕಳಿರುವ ಮನೆಗೆ ನಾನು ಇದನ್ನೇ ಹೇಳುತ್ತೇನೆ, ಸಿಡಿಯನ್ನೂ ಇದರಲ್ಲೇ ಇಡಬಹುದು. ನಡುವಿನ ಗುಂಡಿ ತೀರಾ ಬಿಗಿ ಇರುವ ಡಬ್ಬಿ ಮಾತ್ರ ಬೇಡ. ಬಲವಂತವಾಗಿ ಎತ್ತಿದರೆ ಡಿವಿಡಿಯ ತೂತಿನ ಸುತ್ತ ಕೂದಲಿನಷ್ಟು ಬಿರುಕು ಬೀಳುತ್ತದೆ, ಅಂಟಿಸಿದ ತಟ್ಟೆಗಳು ಬಿಟ್ಟುಕೊಳ್ಳಲೂಬಹುದು. ಖಾಲಿ ಡಬ್ಬಿ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಡಿಸ್ಕು ಹಾಕಿ ತೆಗೆದು ನೋಡಿ.

ಡಿಸ್ಕಿನ ಕೆಳಬದಿಗೆ ಕೂರಿಸುವ ಪಾರದರ್ಶಕ ರಕ್ಷಣಾ ಹಾಳೆಯನ್ನೂ ಬಳಸಿದೆ. ಹಾಕಿಕೊಂಡೇ ಪ್ಲೇ ಮಾಡಬಹುದು ಎನ್ನುತ್ತಾರೆ. ಟ್ರೇ ಇರುವ ಡಿವಿಡಿ ಪ್ಲೇಯರಿನಲ್ಲಿ ಓಡಿತು. ಕಂಪ್ಯೂಟರ್ ಡ್ರೈವಿನಲ್ಲಿ ನನಗೆ ಧೈರ್ಯ ಬರಲಿಲ್ಲ. 48 ಎಕ್ಸ್ (ಮೂಲ ವೇಗದ 48 ಪಟ್ಟು) ಡ್ರೈವಿನಲ್ಲಿ ಸಿಡಿ ನಿಮಿಷಕ್ಕೆ ಸುಮಾರು 10 ಸಾವಿರ ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಹಾಳೆ ಒಂದಿಷ್ಟು ಸರಿದರೂ ಡಿಸ್ಕೂ ಡ್ರೈವೂ ಎರಡೂ ಹಾಳು. ಬಾಯಿಗೆ ಇಟ್ಟರೆ ಡಿಸ್ಕನ್ನು ಒಳಗೆಳೆದುಕೊಳ್ಳುವ ಕಾರ್ ಸ್ಟೀರಿಯೋಗಂತೂ ಬೇಡವೇ ಬೇಡ. ಮದುವೆ ಡಿವಿಡಿಯ ಮೇಲೆ ವಧೂವರರ ಫೋಟೋ ಇರುವ ದುಂಡು ಸ್ಟಿಕ್ಕರ್ ಅಂಟಿಸಿದ್ದರೆ ಅದಕ್ಕೂ ಇದೇ ಭಯ. ಹಾಗಂತ ಸ್ಟಿಕ್ಕರ್ ಕೀಳಲು ಹೋಗಬೇಡಿ, ಸಿಡಿಯಾದರೆ ಡೇಟಾ ಪದರವೂ ಅದರ ಜೊತೆ ಬರಬಹುದು. ನಿಧಾನ ವೇಗದಲ್ಲಿ ಓದಿಸಿ ಕಾಪಿ ಮಾಡಿಕೊಳ್ಳಿ.

ಒರೆಸುವ ವಿಷಯಕ್ಕೆ ಬರೋಣ. ಅಂಗಿಯ ತುದಿ, ಪಂಚೆ, ಸೆರಗು, ಕೈಗೆ ಸಿಕ್ಕಿದ್ದರಲ್ಲಿ ದುಂಡಗೆ ತಿರುಗಿಸಿ ಒರೆಸುವುದು ನಮ್ಮೆಲ್ಲರ ಮನೆಯ ಅಭ್ಯಾಸ. ಕಾಗದದ ಕವರಿನಲ್ಲಿ ತಿಂಗಳುಗಟ್ಟಲೆ ಇಟ್ಟ ಡಿಸ್ಕಿಗಿಂತ, ಕಾಟನ್ ಅಂಗಿಯಲ್ಲಿ ದುಂಡಗೆ ಒರೆಸಿದ ಡಿಸ್ಕಿನ ಮೇಲೆ ಹೆಚ್ಚು ಗೀರು ಕಂಡವು. ಮೊದಲು ಧೂಳು ಊದಿ ತೆಗೆಯಿರಿ, ಬೇಕಾದರೆ ನಲ್ಲಿ ನೀರಿನಲ್ಲಿ ತೊಳೆಯಿರಿ. ಎಣ್ಣೆ ಕಲೆ ಇದ್ದರೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಆಗ ಗೀರು ಬಿದ್ದರೂ ಡ್ರೈವ್ ಅದನ್ನು ನಿಭಾಯಿಸುತ್ತದೆ. ಥಿನ್ನರ್, ಪೆಟ್ರೋಲು, ನೈಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ ಮಂಜಾಗುತ್ತದೆ. ಹೆಸರು ಬರೆಯಲು ಬಾಲ್ ಪೆನ್ ಬೇಡ. ಸಿಡಿಗೆಂದೇ ಬರುವ ಮಾರ್ಕರಿನಲ್ಲಿ, ಅದೂ ತೂತಿನ ಪಕ್ಕದ ಪಾರದರ್ಶಕ ಬಳೆಯ ಮೇಲೆ ಬರೆಯಿರಿ, ಅಲ್ಲಿ ಡೇಟಾ ಇಲ್ಲ.

ಈಗಾಗಲೇ ಗೀರು ಬಿದ್ದಿದ್ದರೆ? ಬಿಳಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ, ಅಂಗಡಿಯಲ್ಲಿ ಯಂತ್ರದ ಪಾಲಿಶ್ ಕೂಡ ಮಾಡಿಸಿದೆ. ಕೆಳಬದಿಯ ಮೇಲ್ಮೇಲಿನ ಗೀರಿಗೆ ಎರಡೂ ಕೆಲಸ ಮಾಡಿದವು, ಯಂತ್ರ ಹೆಚ್ಚು ಸಮನಾಗಿ ಮಾಡಿತು. ಪೇಸ್ಟ್ ಉಜ್ಜುವುದೆಂದರೆ ಒಂದು ಆಳದ ಗೀರಿನ ಬದಲು ನೂರು ಸಣ್ಣ ಗೀರು ಮಾಡಿದ ಹಾಗೆ. ಹಾಗಾಗಿ ಅದು ಕೊನೆಯ ದಾರಿಯಾಗಿರಲಿ. ಗಟ್ಟಿ ಲೇಪ ಇರುವ ಬ್ಲೂ-ರೇಗೆ ಎರಡೂ ಬೇಡ. ಉಜ್ಜುವ ಮೊದಲು ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದರಲ್ಲಿ ಓದದ ಡಿಸ್ಕು ಇನ್ನೊಂದರಲ್ಲಿ ಸಲೀಸಾಗಿ ಓದುವುದು ಮಾಮೂಲು. ಲ್ಯಾಪ್‌ಟಾಪಿನ ತೆಳ್ಳನೆಯ ಡ್ರೈವ್ ಕೈಬಿಟ್ಟ ಒಂದು ತಾಳಮದ್ದಳೆ ಡಿಸ್ಕನ್ನು ಮನೆಯ ಹಳೇ ಡೆಸ್ಕ್‌ಟಾಪಿನ ಡ್ರೈವ್ ಕೊನೆಯ ಪದ್ಯದ ತನಕ ಓದಿತು, ಈಗ ಅದರ ಕಾಪಿ ಎರಡು ಹಾರ್ಡ್ ಡಿಸ್ಕಿನಲ್ಲಿದೆ. ಅಂಥ ಡ್ರೈವ್ ನಿಮ್ಮ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ.