ಪಾಯಿಂಟ್ ಟೂ ಟೂ ರೈಫಲ್‌ಗೆ ಯಾವ ತೋಟೆ?

ಒಂದೇ ಬಗೆಯ ತೋಟೆ ಇಟ್ಟುಕೊಳ್ಳುವುದಾದರೆ 40 ಗ್ರೇನ್ (ಸುಮಾರು 2.6 ಗ್ರಾಂ) ಸೀಸದ ಗುಂಡಿನ, ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಧಾರಣ ವೇಗದ) ಲಾಂಗ್ ರೈಫಲ್ ತೋಟೆಯನ್ನೇ ಕೊಳ್ಳಿ. ಲಾಂಗ್ ರೈಫಲ್ ಎನ್ನುವುದು 22ರ ಮಾಮೂಲಿ ತೋಟೆಯ ಹೆಸರು. ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಎರಡೂ ಇದೇ ಜಾತಿಯವು. ಸೆಕೆಂಡಿಗೆ ಸುಮಾರು 1,070 ಅಡಿ, ಅಂದರೆ ಶಬ್ದಕ್ಕಿಂತ ಸ್ವಲ್ಪ ನಿಧಾನ. ಸಿಸಿಐನದೇ ಮಿನಿ ಮ್ಯಾಗ್‌ನಂಥ ಹೈ ವೆಲಾಸಿಟಿ (ಹೆಚ್ಚು ವೇಗದ) ತೋಟೆ 1,235 ಅಡಿಯಲ್ಲಿ ಹೊರಡುತ್ತದೆ, ಆದರೆ ದಾರಿಯಲ್ಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಆಗ ಗುಂಡು ಅದುರಿ, ದೂರದಲ್ಲಿ ಗುರಿ ಚದುರುವುದುಂಟು. ಸಣ್ಣ ಪ್ರಾಣಿಗೆ ಬೇಕಿರುವುದು ಏಟಿನ ಜೋರಲ್ಲ, ಏಟು ಬೀಳುವ ಜಾಗ.

ಚಿಕ್ಕಮಗಳೂರು, ಹಾಸನದ ಕಾಫಿ ತೋಟದ ಮನೆಗಳಲ್ಲಿ ಲೈಸೆನ್ಸ್ ಕೋವಿ ಇದ್ದರೂ ಬೇಟೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಿಳಿ, ನವಿಲು, ಮೊಲ ಎಲ್ಲವನ್ನೂ ಕಾಯುತ್ತದೆ. ಕಾಗೆ, ಇಲಿ, ಬಾವಲಿಗಳನ್ನು ಕೊಲ್ಲಬಹುದಾದ ಉಪದ್ರವಿಗಳೆಂದು ಪಟ್ಟಿ ಮಾಡಿದ್ದ ಐದನೇ ಅನುಸೂಚಿಯನ್ನೂ 2022ರ ತಿದ್ದುಪಡಿ ತೆಗೆದುಹಾಕಿತು. ಮುಸುಕಿನ ಜೋಳಕ್ಕೆ ಗಿಳಿ ಬಿದ್ದರೆ ಮಿನುಗುವ ರಿಬ್ಬನ್ ಕಟ್ಟಿ, ಬೆಳೆಯ ಮೇಲೆ ಬಲೆ ಹೊದಿಸಿ. ಹಾಗಾಗಿ ಇಲ್ಲಿ ಈ ತೋಟೆ ಕಾಗದದ ಗುರಿಗೆ ಮಾತ್ರ. ಬೇಟೆಗೆ ಪರವಾನಗಿ ಸಿಗುವ ದೇಶಗಳಲ್ಲಿರುವ ನಮ್ಮವರು ಮೊಲ, ಅಳಿಲಿಗೆ ಬಳಸುವಾಗಲೂ ಲೆಕ್ಕ ಇದೇ.

ಒಂದೇ ಕಂಪನಿಯ ತೋಟೆ ಎರಡು ರೈಫಲ್‌ಗಳಲ್ಲಿ ಒಂದೇ ಥರ ಹೊಡೆಯುವುದಿಲ್ಲ. ಎರಡು ಮೂರು ಬಗೆಯ ಒಂದೊಂದು ಪೆಟ್ಟಿಗೆ ತಂದು, 50 ಮೀಟರಿನಲ್ಲಿ ಐದೈದು ಗುಂಡಿನ ಐದು ಗುಂಪು ಹೊಡೆದು ನೋಡಿ. ಬಗೆ ಬದಲಿಸಿದಾಗ ಮೊದಲ ಹತ್ತು ಹನ್ನೆರಡು ಏಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುಂಡಿನ ಮೇಲಿನ ಮೇಣದಂಥ ಲೇಪ ನಳಿಕೆಯೊಳಗೆ ಹೊಂದಿಕೊಳ್ಳಬೇಕು. ಐದೂ ಗುಂಡು 2.5 ಸೆಂ.ಮೀ. ಚಕ್ರದೊಳಗೆ ಬೀಳುವ ದೂರವೇ ನಿಮ್ಮ ಎಲ್ಲೆ. 50 ಮೀಟರಿಗೆ ಗುರಿ ಕೂರಿಸಿದ ಸ್ಟ್ಯಾಂಡರ್ಡ್ ತೋಟೆ 100 ಮೀಟರಿನಲ್ಲಿ 20 ಸೆಂ.ಮೀ.ಗೂ ಕೆಳಗೆ ಬೀಳುತ್ತದೆ. ಅಷ್ಟು ದೂರಕ್ಕೆ ಅಂದಾಜಿನ ಮೇಲೆ ಪ್ರಾಣಿಗೆ ಹೊಡೆಯುವುದು ತಪ್ಪು.

22ಕ್ಕಿಂತ ಸಪೂರ ಗುಂಡಿನ 17 ಎಚ್‌ಎಂಆರ್ ತೋಟೆ 2002ರಲ್ಲಿ ಬಂದದ್ದು. 17 ಗ್ರೇನ್ ಗುಂಡು, 2,550 ಅಡಿ ವೇಗ. ನೂರು ಮೀಟರಿನವರೆಗೂ ನೇರ ಹೋಗುತ್ತದೆ, ಆದರೆ ಸಣ್ಣ ಪ್ರಾಣಿಯ ಮಾಂಸ ಛಿದ್ರ. ಲಾಂಗ್ ರೈಫಲ್‌ಗಿಂತ ಜೋರಿನ 22 ಮ್ಯಾಗ್ನಮ್ಮೂ ತಿನ್ನುವ ಬೇಟೆಗೆ ಅತಿಯಾಯಿತು. ಮ್ಯಾಗ್ನಮ್ ರೈಫಲ್‌ಗೆ ಲಾಂಗ್ ರೈಫಲ್ ತೋಟೆಯನ್ನು ಎಂದೂ ಹಾಕಬೇಡಿ. ಚೇಂಬರ್ (ತೋಟೆ ಕೂರುವ ಗೂಡು) ಅಗಲವಿರುವುದರಿಂದ ತೋಟೆ ಸಲೀಸಾಗಿ ಕೂರುತ್ತದೆ, ಹೊಡೆದಾಗ ತೋಟೆಯ ಹಿತ್ತಾಳೆ ಕವಚ ಸೀಳಿ ಬಿಸಿ ಗಾಳಿ ಮುಖಕ್ಕೆ ಬರಬಹುದು.

ಕೊಂಬೆಯ ಮೇಲಿನ ಹಕ್ಕಿಗೆ ರಿಮ್‌ಫೈರ್ (ಹಿಂದಿನ ಅಂಚಿನಲ್ಲಿ ಕಿಡಿಯ ಮದ್ದಿರುವ, ಮೇಲೆ ಹೇಳಿದ ಈ ಎಲ್ಲ ತೋಟೆ) ಯಾವುದೂ ಸಲ್ಲ. ಮೇಲಕ್ಕೆ ಹಾರಿದ 22ರ ಗುಂಡು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹೋಗಬಲ್ಲದು. ಗುರಿಯ ಹಿಂದೆ ಮಣ್ಣಿನ ದಿಬ್ಬವಿರಲೇಬೇಕು.

ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡಿ. ತುಕ್ಕಿನ ಭಯಕ್ಕೆ ತೋಟೆಗೆ ಎಣ್ಣೆ ಸಿಂಪಡಿಸಬೇಡಿ, ಒಳಗಿಳಿದು ಮದ್ದು ಕೆಡುತ್ತದೆ. ಬಿಡಿ ತೋಟೆ ಜೇಬಿಗೆ ಹಾಕಿದರೆ ಲೇಪಕ್ಕೆ ಧೂಳು ಅಂಟಿ ನಳಿಕೆ ಸೇರುತ್ತದೆ. ಕುದುರೆ ಎಳೆದರೂ ಸಿಡಿಯದಿದ್ದರೆ ನಳಿಕೆಯನ್ನು ದಿಬ್ಬಕ್ಕೇ ಹಿಡಿದು 30 ಸೆಕೆಂಡ್ ಕಾಯಿರಿ, ಆಮೇಲೆ ಬೋಲ್ಟ್ ತೆಗೆಯಿರಿ. ಅಂಚಿನ ಸುತ್ತ ಮದ್ದು ಸಮನಾಗಿ ಹರಡದಿದ್ದಾಗ ಹೀಗಾಗುತ್ತದೆ. ಒಂದು ಪೆಟ್ಟಿಗೆಯಲ್ಲಿ ಇದು ಮತ್ತೆ ಮತ್ತೆ ಆದರೆ, ಬೇರೆ ಪೆಟ್ಟಿಗೆಯ ತೋಟೆ ಹಾಕಿ ನೋಡಿ. ಆಗಲೂ ಸಿಡಿಯದಿದ್ದರೆ ತೋಟೆಯ ಅಂಚನ್ನು ಕುಟ್ಟುವ ಫೈರಿಂಗ್ ಪಿನ್ ಸವೆದಿದೆಯೇ ಎಂದು ಪರೀಕ್ಷೆ ಮಾಡಿಸಿ.